ಪುಡಿಯಲ್ಲಿ ಇನ್ನೇನಿತ್ತು?

ಮಾದಕವಸ್ತು ಜಾಲ ಸಿಕ್ಕಿಬಿದ್ದ ಸುದ್ದಿ ಪತ್ರಿಕೆಯಲ್ಲಿ ಬಂದ ವಾರ ನನಗೆ ಬರುವ ಕಾಗದಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. ‘ಮೇಡಂ, ಪೊಲೀಸರು ಸ್ಥಳದಲ್ಲೇ ಇದು ಎಂಡಿಎಂಎ, ಇಷ್ಟು ಗ್ರಾಂ, ಇಷ್ಟು ಲಕ್ಷದ ಮಾಲು ಅಂತ ಹೇಳಿಬಿಡುತ್ತಾರೆ. ಮತ್ತೆ ಎಫ್‌ಎಸ್‌ಎಲ್ ವರದಿ ಬರಲಿ ಅಂತ ತಿಂಗಳುಗಟ್ಟಲೆ ಕಾಯೋದು ಯಾಕೆ?’ ಕೇಳುವವರಲ್ಲಿ ಕಾನೂನು ಓದುವ ಹುಡುಗರಿದ್ದಾರೆ, ಮಗನೋ ತಮ್ಮನೋ ಒಳಗಿರುವ ಮನೆಯವರಿದ್ದಾರೆ, ಒಮ್ಮೊಮ್ಮೆ ಠಾಣೆಯವರೂ ಇರುತ್ತಾರೆ. ಇಷ್ಟು ದಿನ ಒಬ್ಬೊಬ್ಬರಿಗೆ ನಾಲ್ಕು ಸಾಲು ಬರೆದು ಕಳಿಸುತ್ತಿದ್ದೆ.

ಕಳೆದ ತಿಂಗಳು ಬಂದ ಒಂದು ಫೋನಿಗೆ ನಾಲ್ಕು ಸಾಲು ಸಾಲಲಿಲ್ಲ. ಆ ತಾಯಿಯ ಮಗ ಗೆಳೆಯರ ಜತೆ ಪಾರ್ಟಿಗೆ ಹೋಗಿ ಮಾತ್ರೆ ನುಂಗಿದ್ದ. ನಡುರಾತ್ರಿ ಮೈ ಕೆಂಡದಂತೆ ಕಾದು, ಸೆಳೆತ ಬಂದು, ಹನ್ನೊಂದು ದಿನ ಐಸಿಯುನಲ್ಲಿ ಮಲಗಿದ್ದ. ಡಾಕ್ಟರು ಮೊದಲು ಕೇಳಿದ್ದು ‘ಏನು ತಗೊಂಡಿದ್ದಾನೆ?’ ಅಂತ. ಯಾರಿಗೂ ಗೊತ್ತಿರಲಿಲ್ಲ. ಉಳಿದ ಮಾತ್ರೆಗಳು ಅಷ್ಟು ಹೊತ್ತಿಗೆ ಠಾಣೆ ಸೇರಿದ್ದವು. ಎಂಟು ತಿಂಗಳಾದ ಮೇಲೆ ವರದಿ ಬಂತು. ಎಂಡಿಎಂಎ ಇರುವುದು ಕಂಡುಬಂದಿದೆ ಅಂತ ಒಂದೇ ಸಾಲು. ‘ಅಷ್ಟೇನಾ ಮೇಡಂ? ಅದರಲ್ಲಿ ಇನ್ನೇನಿತ್ತು ಅಂತ ಯಾರೂ ನೋಡಲೇ ಇಲ್ವಾ?’ ಅಂತ ಆಕೆ ಕೇಳಿದರು. ಹುಡುಗ ಈಗ ಸುಧಾರಿಸಿಕೊಂಡಿದ್ದಾನೆ. ಆಕೆಯ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಇಪ್ಪತ್ತೇಳು ವರ್ಷ ಇಂಥ ವರದಿ ಕೊಡುವ ಒಂದು ಸರ್ಕಾರಿ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ (ಎಫ್‌ಎಸ್‌ಎಲ್) ಕೂತು ಅಂಥದ್ದೇ ಒಂದು ಸಾಲಿನ ವರದಿಗಳನ್ನು ನಾನೂ ಬರೆದಿದ್ದೇನೆ.

ಪೊಟ್ಟಣ ನಮ್ಮ ಮೇಜಿಗೆ ಬರುವುದು ಅರಗಿನ ಮುದ್ರೆಯೊಂದಿಗೆ. ಕತ್ತರಿ ಹಿಡಿಯುವ ಮುಂಚೆ ಆ ಮುದ್ರೆಯನ್ನು ಜತೆಗೆ ಕಳಿಸಿದ ಮಾದರಿ ಮುದ್ರೆಯ ಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಬೇಕು. ಅರಗು ಬಿರುಕುಬಿಟ್ಟಿದ್ದರೆ ಅದನ್ನೂ ಬರೆಯಬೇಕು. ಆಮೇಲೆ ತೂಕ. ಪೊಟ್ಟಣದೊಳಗಿನ ಮಾದರಿಯನ್ನು ನಮಗೆ ಕಳಿಸುವ ಮುಂಚೆಯೇ ತೆಗೆದಿರುತ್ತಾರೆ. ಮಾದಕವಸ್ತುಗಳ ಕುರಿತ ಎನ್‌ಡಿಪಿಎಸ್ ಕಾಯ್ದೆಯಡಿ 2022ರ ಡಿಸೆಂಬರ್‌ನಲ್ಲಿ ಬಂದ ನಿಯಮಗಳ ಪ್ರಕಾರ ಅದನ್ನು ತೆಗೆಯುವುದು ಮ್ಯಾಜಿಸ್ಟ್ರೇಟರ ಎದುರಿಗೆ. ಗಾಂಜಾ, ಚರಸ್, ಅಫೀಮಾದರೆ 24 ಗ್ರಾಂ, ಉಳಿದವಕ್ಕೆ 5 ಗ್ರಾಂ, ಎಲ್ಲವೂ ಎರಡೆರಡು ಪ್ರತಿ. ಒಂದೇ ತರಹದ ಹತ್ತು ಪೊಟ್ಟಣಗಳಿದ್ದು, ಬಣ್ಣದ ಪರೀಕ್ಷೆಯಲ್ಲಿ ಎಲ್ಲವೂ ಒಂದೇ ಉತ್ತರ ಕೊಟ್ಟರೆ ಅವನ್ನು ಒಂದು ರಾಶಿ ಅಂತ ಹಿಡಿದು ಮಾದರಿ ತೆಗೆಯಬಹುದು. ಅಕ್ಕಿ ಮಂಡಿಯಲ್ಲಿ ಮೂಟೆಗೆ ಕೊಳವೆ ಚುಚ್ಚಿ ಒಂದು ಹಿಡಿ ಅಕ್ಕಿ ನೋಡಿ ಇಡೀ ಲಾರಿಗೆ ಬೆಲೆ ಕಟ್ಟುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಆ ಹಿಡಿ ಸರಿಯಾಗಿ ಬರದಿದ್ದರೆ ಮುಂದೆ ಎಷ್ಟು ಕೋಟಿಯ ಯಂತ್ರವಿದ್ದರೂ ಪ್ರಯೋಜನವಿಲ್ಲ.

ಪೊಲೀಸರು ಸ್ಥಳದಲ್ಲೇ ಹೇಳುವುದು ಈ ಬಣ್ಣದ ಪರೀಕ್ಷೆಯ ಬಲದಿಂದ. ಅವರ ಹತ್ತಿರ ಪುಟ್ಟ ಕಿಟ್ ಇರುತ್ತದೆ. ಅದರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮಾರ್ಕ್ವಿಸ್ ದ್ರಾವಣ. ಗಂಧಕಾಮ್ಲಕ್ಕೆ ಫಾರ್ಮಾಲಿನ್ ಸೇರಿಸಿದ್ದು, 1896ರಿಂದ ಇದೆ. ಹೆರಾಯಿನ್ ಮೇಲೆ ಒಂದು ಹನಿ ಬಿದ್ದರೆ ನೇರಳೆ. ಮೆಥಾಂಫೆಟಮೈನ್ ಮೇಲೆ ಕಿತ್ತಳೆ, ನೋಡುತ್ತಿದ್ದಂತೆ ಕಂದು. ಎಂಡಿಎಂಎ ಮೇಲೆ ನೇರಳೆ ಮಿಶ್ರಿತ ಕಪ್ಪು. ಮೊದಲ ಸಲ ನೋಡಿದವರಿಗೆ ಇನ್ನೇನು ಸಾಕ್ಷಿ ಬೇಕು ಅನ್ನಿಸುತ್ತದೆ. ಆದರೆ ಅದೇ ಹನಿ ಸಕ್ಕರೆಯ ಮೇಲೆ ಬಿದ್ದರೂ ಕಂದು ಬಣ್ಣ ಬರುತ್ತದೆ, ಆಸ್ಪಿರಿನ್ ಮೇಲೆ ಬಿದ್ದರೆ ಕೆಂಪು. ಇಂಥ ಒಂದು ಗುಂಪಿಗೆ ಸೇರಿದ್ದಿರಬಹುದು ಎಂಬಷ್ಟನ್ನೇ ಬಣ್ಣ ಹೇಳುತ್ತದೆ. ಇಂಥದ್ದೇ ಅಂತ ಹೇಳುವ ಶಕ್ತಿ ಅದಕ್ಕಿಲ್ಲ. ತಪಾಸಣೆಗೆ ನಿಂತ ಪೇದೆಗೆ ಅಷ್ಟು ಬೇಕೇ ಬೇಕು, ಆ ಕಿಟ್ ಇಲ್ಲದಿದ್ದರೆ ಅಡುಗೆ ಸೋಡಾ ಇಟ್ಟುಕೊಂಡವರೆಲ್ಲ ಠಾಣೆಗೆ ಹೋಗಬೇಕಾಗುತ್ತದೆ. ಅದನ್ನೇ ಕೊನೆಯ ಮಾತು ಅಂದುಕೊಂಡಾಗ ಅನಾಹುತ ಶುರುವಾಗುತ್ತದೆ.

ನನ್ನ ಮೇಜಿಗೆ ಬಂದ ಒಂದು ಪೊಟ್ಟಣ ನೆನಪಾಗುತ್ತದೆ. ಲಾಡ್ಜ್ ಒಂದರಲ್ಲಿ ಸಿಕ್ಕ ಹುಡುಗನ ಹತ್ತಿರ ಹನ್ನೆರಡು ಗ್ರಾಂ ಬಿಳಿ ಪುಡಿ ಇತ್ತು. ಕೊಕೇನ್‌ಗೆಂದು ಇರುವ ಕೋಬಾಲ್ಟ್ ಥಯೋಸಯನೇಟ್ ಹಾಕಿದಾಗ ಒಳ್ಳೆ ನೀಲಿ ಬಂದಿತ್ತು. ನಮ್ಮಲ್ಲಿ ಅದರ ಸರದಿ ಬರುವ ಹೊತ್ತಿಗೆ ಆರು ತಿಂಗಳು ಕಳೆದಿತ್ತು. ಯಂತ್ರಕ್ಕೆ ಹಾಕಿ ನೋಡಿದರೆ ಅದರಲ್ಲಿ ಕೊಕೇನ್ ಇರಲೇ ಇಲ್ಲ. ಇದ್ದದ್ದು ಲಿಡೊಕೇನ್, ಹಲ್ಲು ಕೀಳುವಾಗ ದವಡೆ ಜೋಮು ಹಿಡಿಸಲು ಕೊಡುವ ಔಷಧ, ಜತೆಗೆ ಸ್ವಲ್ಪ ಕೆಫೀನ್. ಲಿಡೊಕೇನ್‌ಗೂ ಆ ದ್ರಾವಣ ನೀಲಿ ತಿರುಗುತ್ತದೆ. ಮಾರಿದವನು ಆ ಹುಡುಗನಿಗೆ ಮೋಸ ಮಾಡಿದ್ದ. ಕೊಳ್ಳಲು ಹೋಗಿದ್ದು ತಪ್ಪೇ, ಆದರೆ ಕಾಯ್ದೆಯ ಪಟ್ಟಿಯಲ್ಲಿ ಇಲ್ಲದ ವಸ್ತುವಿಗಾಗಿ ಅವನು ಆರು ತಿಂಗಳು ಒಳಗಿದ್ದ. ನಮ್ಮ ಸರದಿಯ ಪಟ್ಟಿ ಚಿಕ್ಕದಿದ್ದಿದ್ದರೆ ಆರು ವಾರದಲ್ಲಿ ಹೊರಗೆ ಬರುತ್ತಿದ್ದ. ಹೀಗಾಗುವುದು ನಮ್ಮಲ್ಲಷ್ಟೇ ಅಲ್ಲ. ಅಮೆರಿಕದ ಜಾರ್ಜಿಯಾದಲ್ಲಿ 2016ರ ಕೊನೆಯ ದಿನ ಒಬ್ಬ ಹೆಂಗಸಿನ ಕಾರಿನಲ್ಲಿ ಸಿಕ್ಕ ಪುಡಿಗೆ ರಸ್ತೆಬದಿಯ ಪರೀಕ್ಷೆ ಮೆಥಾಂಫೆಟಮೈನ್ ಅಂದಿತು. ಅದು ಜಾತ್ರೆಯಲ್ಲಿ ಮಾರುವ ಬಾಂಬೆ ಮಿಠಾಯಿ ಅಂತ ಪ್ರಯೋಗಾಲಯದಿಂದ ಗೊತ್ತಾಗಿ ಆಕೆ ಬಿಡುಗಡೆಯಾಗುವಾಗ ಮೂರು ತಿಂಗಳು ಮೀರಿತ್ತು.

ಗಾಂಜಾದ ವಿಷಯದಲ್ಲಿ ಮಾತ್ರ ಯಂತ್ರಕ್ಕಿಂತ ಮೊದಲು ಕಣ್ಣು ಬೇಕು. ಒಣಗಿದ ಸೊಪ್ಪಿನ ಒಂದು ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಎಲೆಯ ಮೇಲ್ಭಾಗದಲ್ಲಿ ಕರಡಿಯ ಉಗುರಿನಂತೆ ಬಾಗಿದ ಗಿಡ್ಡ ರೋಮಗಳು ಕಾಣುತ್ತವೆ. ಪ್ರತಿ ರೋಮದ ಬುಡದಲ್ಲಿ ಸುಣ್ಣದ ಒಂದು ಕಣ. ತೆಳು ಹೈಡ್ರೊಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟರೆ ಆ ಬುಡದಿಂದ ಗುಳ್ಳೆ ಏಳುತ್ತದೆ. ಎಲೆಯ ಕೆಳಭಾಗದಲ್ಲಿ ನೀಳವಾದ ರೋಮಗಳು ಬೇರೆ ಇರುತ್ತವೆ. ಆಮೇಲೆ ಡುಕೆನ್ವಾ ಪರೀಕ್ಷೆ. ವೆನಿಲಿನ್ ಇರುವ ದ್ರಾವಣ ಹಾಕಿ, ಆಮ್ಲ ಹಾಕಿ, ನೇರಳೆ ಬಂದ ಮೇಲೆ ಕ್ಲೋರೋಫಾರ್ಮ್ ಸೇರಿಸಿ ಕುಲುಕಬೇಕು. ಒಂದು ನಿಮಿಷ ಬಿಟ್ಟರೆ ನೇರಳೆ ಕೆಳಗಿನ ಪದರಕ್ಕೆ ಇಳಿಯುತ್ತದೆ. ಬಣ್ಣ ಬಂತೇ ಅನ್ನುವುದಕ್ಕಿಂತ ಅದು ಕೆಳಗೆ ಇಳಿಯಿತೇ ಅನ್ನುವುದು ಮುಖ್ಯ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಮೊದಲ ದಿನವೇ ಇದನ್ನು ಮಾಡಿಸುತ್ತಿದ್ದೆ.

ಕಣ್ಣು ಯಾಕೆ ಬೇಕೆಂದರೆ, ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯ ಜತೆಗಿರದ ಬರೀ ಎಲೆ, ಬರೀ ಬೀಜ ಗಾಂಜಾ ಆಗುವುದಿಲ್ಲ. ಮಾದಕ ಅಂಶ ಎಲೆಯಲ್ಲೂ ಸ್ವಲ್ಪ ಇರುತ್ತದೆ, ಆದ್ದರಿಂದ ರಾಸಾಯನಿಕ ಪರೀಕ್ಷೆ ಅದಕ್ಕೂ ಹೌದು ಅನ್ನುತ್ತದೆ. ತುದಿ ಇತ್ತೇ ಇಲ್ಲವೇ ಅನ್ನುವುದನ್ನು ಮನುಷ್ಯರೇ ನೋಡಿ ಬರೆಯಬೇಕು. ಜೋಳದ ಹೊಲದ ನಡುವೆ ಕಿತ್ತ ಗಿಡವನ್ನು ಬೇರು ಕಾಂಡ ಸಮೇತ ತೂಗಿದ ಮಹಜರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಗಾಂಜಾದ ವಾಣಿಜ್ಯ ಪ್ರಮಾಣ 20 ಕಿಲೊ. ಬೇರಿನ ಮಣ್ಣಿನಿಂದ ಆ ಗೆರೆ ದಾಟಿಬಿಟ್ಟರೆ ಶಿಕ್ಷೆಯೇ ಬದಲಾಗುತ್ತದೆ. 2022ರಲ್ಲಿ ನಮ್ಮ ಹೈಕೋರ್ಟ್ ಭಂಗಿಯ ಪ್ರಕರಣವೊಂದರಲ್ಲಿ ಜಾಮೀನು ಕೊಡುವಾಗಲೂ ಇದೇ ತರಹದ ಮಾತು ಬಂತು. ಭಂಗಿ ಅನ್ನುವ ಹೆಸರು ಕಾಯ್ದೆಯಲ್ಲಿಲ್ಲ, ಅದನ್ನು ಗಾಂಜಾದಿಂದಲೋ ಚರಸ್‌ನಿಂದಲೋ ಮಾಡಿದ್ದಾರೆ ಅನ್ನಲು ವೈಜ್ಞಾನಿಕ ಪುರಾವೆ ಬೇಕು.

ಪುಡಿ, ಮಾತ್ರೆಗಳ ಕಥೆ ಬೇರೆ. ಅವು ಸಾಮಾನ್ಯವಾಗಿ ಬೆರಕೆ. ಆದ್ದರಿಂದ ಮೊದಲ ಕೆಲಸ ಬಿಡಿಸುವುದು. ನಮ್ಮ ಕಾಲದಲ್ಲಿ ಅದಕ್ಕೆ ಸಿಲಿಕಾ ಬಳಿದ ಗಾಜಿನ ಪಟ್ಟಿ. ತಳದಲ್ಲಿ ಪೆನ್ಸಿಲ್ ಗೆರೆ ಎಳೆದು, ಮಾದರಿಯ ಒಂದು ಚುಕ್ಕೆ, ಅದರ ಪಕ್ಕದಲ್ಲಿ ಗೊತ್ತಿರುವ ಶುದ್ಧ ವಸ್ತುವಿನ ಒಂದು ಚುಕ್ಕೆ ಇಟ್ಟು, ದ್ರಾವಕದಲ್ಲಿ ನಿಲ್ಲಿಸುತ್ತಿದ್ದೆವು. ದ್ರಾವಕ ಮೇಲೇರುತ್ತಾ ಒಂದೊಂದು ವಸ್ತುವನ್ನು ಒಂದೊಂದು ಎತ್ತರಕ್ಕೆ ಎಳೆದೊಯ್ಯುತ್ತದೆ. ಇಂಕಿನ ಗುರುತಿನ ಮೇಲೆ ನೀರು ಬಿದ್ದಾಗ ನೀಲಿ ಒಂದು ಕಡೆ, ಗುಲಾಬಿ ಒಂದು ಕಡೆ ಹರಿಯುವುದಿಲ್ಲವೇ, ಹಾಗೆ. ಸಣ್ಣ ಪ್ರಯೋಗಾಲಯಗಳಲ್ಲಿ ಈಗಲೂ ಇದೇ ಆಧಾರ.

ಈಗಿನ ದೊಡ್ಡ ಕೆಲಸವೆಲ್ಲ ಜಿಸಿ-ಎಂಎಸ್ ಯಂತ್ರದ್ದು. ಅದು ಎರಡು ಯಂತ್ರಗಳನ್ನು ಜೋಡಿಸಿದ್ದು. ಮೊದಲನೆಯದರಲ್ಲಿ ಕೂದಲಿಗಿಂತ ತುಸು ದಪ್ಪ ರಂಧ್ರದ ಕೊಳವೆ, ಬಿಚ್ಚಿದರೆ ಸುಮಾರು ಮೂವತ್ತು ಮೀಟರ್, ಸಿಂಬೆ ಸುತ್ತಿ ಒಂದು ಒಲೆಯೊಳಗೆ ಇಟ್ಟಿರುತ್ತಾರೆ. ಕರಗಿಸಿದ ಮಾದರಿಯನ್ನು ಸಿರಿಂಜಿನಲ್ಲಿ ಒಂದು ಮೈಕ್ರೊಲೀಟರ್ ಬಿಟ್ಟರೆ ಅದು ಆವಿಯಾಗಿ ಹೀಲಿಯಂ ಅನಿಲದ ಜತೆ ಕೊಳವೆಯಲ್ಲಿ ಹೊರಡುತ್ತದೆ. ಕೆಲವು ಅಣುಗಳು ಕೊಳವೆಯ ಗೋಡೆಗೆ ಅಂಟಿಕೊಂಡು ತಡಮಾಡುತ್ತವೆ, ಕೆಲವು ಬೇಗ ಹೋಗುತ್ತವೆ. ಒಟ್ಟಿಗೆ ಹೊರಟವು ಕೊನೆಯಲ್ಲಿ ಒಂದೊಂದಾಗಿ ಹೊರಗೆ ಬರುತ್ತವೆ, ಪರದೆಯ ಮೇಲೆ ಒಂದೊಂದಕ್ಕೂ ಒಂದೊಂದು ಶಿಖರ ಮೂಡುತ್ತದೆ.

ಹಾಗೆ ಬಂದ ಪ್ರತಿ ವಸ್ತುವನ್ನೂ ಎರಡನೆಯ ಯಂತ್ರ ಎಲೆಕ್ಟ್ರಾನ್‌ಗಳಿಂದ ಹೊಡೆದು ಒಡೆಯುತ್ತದೆ. ಗಾಜಿನ ಬಳೆ ಒಡೆದರೆ ಚೂರು ಹೇಗೋ ಚೆದುರುತ್ತವೆ. ಅಣು ಹಾಗಲ್ಲ, ಒಂದೇ ಬಗೆಯ ಅಣು ಪ್ರತಿ ಸಲ ಒಂದೇ ಜಾಗಗಳಲ್ಲಿ ಒಡೆಯುತ್ತದೆ. ಚೂರುಗಳ ತೂಕ ನೋಡಿ ಮೂಲ ಯಾವುದಿತ್ತು ಅಂತ ಹೇಳಬಹುದು. ಎಂಡಿಎಂಎ ಒಡೆದಾಗ 58ರ ತೂಕದ ಚೂರು ಎಲ್ಲಕ್ಕಿಂತ ಎತ್ತರಕ್ಕೆ ಏಳುತ್ತದೆ, 135ರದ್ದೊಂದು ಪಕ್ಕದಲ್ಲಿರುತ್ತದೆ. ಪಿಎಂಎಂಎ ಅನ್ನುವ ಇನ್ನೊಂದು ವಸ್ತುವಿದೆ, ಎಂಡಿಎಂಎ ಅಂತಲೇ ಮಾರಾಟವಾಗುತ್ತದೆ. ಅದನ್ನು ಒಡೆದರೂ 58 ಎತ್ತರಕ್ಕೆ ಏಳುತ್ತದೆ, ಆದರೆ 135ರ ಬದಲು 121 ಬರುತ್ತದೆ. ವ್ಯತ್ಯಾಸ ಹದಿನಾಲ್ಕು. ಈ ಪಿಎಂಎಂಎಯ ಅಮಲು ನಿಧಾನಕ್ಕೆ ಏರುತ್ತದೆ. ಏನೂ ಆಗಲಿಲ್ಲವಲ್ಲ ಅಂತ ಹುಡುಗರು ಇನ್ನೊಂದು ನುಂಗುತ್ತಾರೆ, ಅಷ್ಟರಲ್ಲಿ ಮೈಯ ಶಾಖ ಹತೋಟಿ ಮೀರಿ ಏರಿರುತ್ತದೆ. ಮಾರ್ಕ್ವಿಸ್ ಹನಿಗೆ ಪಿಎಂಎಂಎ ಬಣ್ಣವನ್ನೇ ಕೊಡುವುದಿಲ್ಲ. ಎಂಡಿಎಂಎ ಜತೆ ಬೆರೆತಿದ್ದರೆ ಎಂಡಿಎಂಎಯ ಕಪ್ಪಿನಲ್ಲಿ ಅದು ಪೂರ್ತಿ ಮರೆಯಾಗಿಬಿಡುತ್ತದೆ. ಬಣ್ಣ ಕಾಣದ್ದನ್ನು ಯಂತ್ರ ಕಾಣುವುದು ಇಲ್ಲಿ.

ಈ ಯಂತ್ರಕ್ಕೂ ಸೋಲಿದೆ. ಒಂದೇ ಅಣುವಿನಲ್ಲಿ ಒಂದು ಗುಂಪು ಅಕ್ಕಪಕ್ಕದ ಮನೆಗೆ ಜರುಗಿ ಕೂತಿದ್ದರೆ ಚೂರುಗಳ ತೂಕ ಬದಲಾಗುವುದಿಲ್ಲ. ಮುಂಬೈ ಕಡೆ ಮ್ಯಾಂವ್ ಮ್ಯಾಂವ್ ಅನ್ನುವ ಮೆಫೆಡ್ರೋನ್ 2015ರಲ್ಲಿ ನಮ್ಮ ಕಾಯ್ದೆಯ ಪಟ್ಟಿಗೆ ಸೇರಿತು. ಅದರ ಒಂದು ಮೀಥೈಲ್ ಗುಂಪು ನಾಲ್ಕನೆಯ ಜಾಗದಿಂದ ಮೂರಕ್ಕೆ ಸರಿದರೆ ಬೇರೆಯೇ ವಸ್ತು, ಆದರೆ ಜಿಸಿ-ಎಂಎಸ್ ಕೊಡುವ ಚಿತ್ರ ಹೆಚ್ಚುಕಡಿಮೆ ಒಂದೇ. ಅಲ್ಲಿ ಇನ್‌ಫ್ರಾರೆಡ್ ಬೇಕು. ಚಿಟಿಕೆ ಪುಡಿಯನ್ನು ಪುಟ್ಟ ವಜ್ರದ ಮೇಲಿಟ್ಟು ಒತ್ತಿ ಕಿರಣ ಹಾಯಿಸಿದರೆ ಒಂದೊಂದು ಬಂಧವೂ ತನ್ನ ತನ್ನ ತಾಳಕ್ಕೆ ಕಂಪಿಸುತ್ತದೆ, ಗುಂಪು ಯಾವ ಜಾಗದಲ್ಲಿದೆ ಅನ್ನುವುದು ಆ ರೋಹಿತದಲ್ಲಿ ತಿಳಿಯುತ್ತದೆ. ಬೆರಕೆಗೆ ಹಾಕಿದ ಸಕ್ಕರೆ, ಪಿಷ್ಟ ಜಿಸಿಯಲ್ಲಿ ಆವಿಯಾಗುವುದಿಲ್ಲ, ಅವೂ ಇಲ್ಲಿ ಕಾಣುತ್ತವೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ವಿಧಾನಗಳು ಒಂದೇ ಹೆಸರು ಹೇಳುವ ತನಕ ವರದಿಗೆ ಸಹಿ ಹಾಕಬಾರದು ಅನ್ನುವ ಪಾಠವನ್ನು ನನ್ನ ಹಿರಿಯರು ಕಲಿಸಿದ್ದು ಇದಕ್ಕೇ. ಹೋಲಿಸಲು ಶುದ್ಧ ಮಾದರಿಯೂ ಕೈಯಲ್ಲಿರಬೇಕು. ಜಗತ್ತಿನಲ್ಲಿ ಈಗ ಸಾವಿರಕ್ಕೂ ಹೆಚ್ಚು ಹೊಸ ಅಮಲು ರಾಸಾಯನಿಕಗಳು ದಾಖಲಾಗಿವೆ, ಅಷ್ಟಕ್ಕೂ ಶುದ್ಧ ಮಾದರಿ ತರಿಸಿ ಇಟ್ಟುಕೊಳ್ಳುವುದು ಯಾವ ಪ್ರಯೋಗಾಲಯಕ್ಕೂ ಸುಲಭವಲ್ಲ.

ಒಮ್ಮೆ ಪಾಟೀ ಸವಾಲಿನಲ್ಲಿ ಹಿರಿಯ ವಕೀಲರೊಬ್ಬರು ಕೇಳಿದರು, ‘ಮೇಡಂ, ನಿಮ್ಮ ಸಿರಿಂಜಿನಲ್ಲಿ ಹಿಂದಿನ ಕೇಸಿನ ಮಾಲು ಉಳಿದಿರಲಿಲ್ಲ ಅಂತ ಹೇಗೆ ಹೇಳ್ತೀರಿ?’ ಅಷ್ಟು ವರ್ಷಗಳಲ್ಲಿ ನನಗೆ ಬಂದ ಅತ್ಯುತ್ತಮ ಪ್ರಶ್ನೆ ಅದು. ಪ್ರತಿ ಮಾದರಿಗೆ ಮುಂಚೆ ನಾವು ಬರೀ ದ್ರಾವಕವನ್ನು ಯಂತ್ರಕ್ಕೆ ಬಿಡುತ್ತೇವೆ. ಆ ಚಾರ್ಟಿನಲ್ಲಿ ಯಾವ ಶಿಖರವೂ ಇರಬಾರದು. ಖಾಲಿ ಚಾರ್ಟನ್ನು ಕಡತದಿಂದ ತೆಗೆದು ತೋರಿಸಿದೆ. ನ್ಯಾಯಾಧೀಶರು ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಏನೂ ಇಲ್ಲದ ಆ ಹಾಳೆಯಿಂದಲೇ ಅದರ ನಂತರದ ಹಾಳೆಗೆ ಬೆಲೆ ಬಂದಿದ್ದು.

ಈ ಶಿಸ್ತು ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಮಸಾಚುಸೆಟ್ಸ್ ಸಾಕ್ಷಿ. ಅಲ್ಲಿಯ ಸರ್ಕಾರಿ ಪ್ರಯೋಗಾಲಯದ ಒಬ್ಬ ತಜ್ಞೆ ಎಲ್ಲರಿಗಿಂತ ವೇಗವಾಗಿ ಕೆಲಸ ಮುಗಿಸುತ್ತಾಳೆ ಅಂತ ಹೆಸರು ಮಾಡಿದ್ದಳು. ಹಲವು ಮಾದರಿಗಳನ್ನು ಪರೀಕ್ಷೆ ಮಾಡದೆ, ಕಣ್ಣಿನಲ್ಲೇ ನೋಡಿ ಹೆಸರು ಬರೆದಿದ್ದಳು ಅನ್ನುವುದು 2012ರಲ್ಲಿ ಬಯಲಾಯಿತು. 2017ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 21 ಸಾವಿರಕ್ಕೂ ಹೆಚ್ಚು ಪ್ರಕರಣಗಳನ್ನು ವಜಾ ಮಾಡಿತು. ವರದಿ ಬೇಗ ಬರಲಿ ಅನ್ನುವವರ ಸಂಕಟ ನನಗೆ ಗೊತ್ತು. ನಮ್ಮ 2022ರ ನಿಯಮವೂ ಹದಿನೈದು ದಿನದಲ್ಲಿ ವರದಿ ಕೊಡಿ ಅನ್ನುತ್ತದೆ. ಅದು ಸಾಧ್ಯವಾಗಬೇಕಾದರೆ ಜನ ಬೇಕು, ಯಂತ್ರ ಬೇಕು. ಇರುವವರ ಬೆನ್ನಿಗೆ ಬಿದ್ದು ಅವಸರ ಮಾಡಿಸಿದರೆ ಮಸಾಚುಸೆಟ್ಸ್ ನಮ್ಮಲ್ಲೇ ಆಗುತ್ತದೆ.

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ವರದಿಯಲ್ಲಿ ಒಂದೇ ಸಾಲು ಯಾಕೆ? ಕಾನೂನು ಕೇಳುವುದು ಅಷ್ಟನ್ನೇ. 2008ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ನಾಲ್ಕು ಕಿಲೊ ಹೆರಾಯಿನ್‌ನ ಪ್ರಕರಣವೊಂದಿತ್ತು. ಪ್ರಯೋಗಾಲಯ ಶುದ್ಧತೆ ಅಳೆದಾಗ ಅದರಲ್ಲಿ ನಿಜವಾದ ಹೆರಾಯಿನ್ ಶೇ 2 ಕೂಡ ಇರಲಿಲ್ಲ, ಲೆಕ್ಕ ಹಾಕಿದರೆ ಸುಮಾರು 60 ಗ್ರಾಂ. ಶುದ್ಧ ಅಂಶವನ್ನಷ್ಟೇ ಎಣಿಸಬೇಕು ಅಂತ ಕೋರ್ಟ್ ಹೇಳಿತು, ವಾಣಿಜ್ಯ ಪ್ರಮಾಣವಾದ 250 ಗ್ರಾಂಗಿಂತ ಅದು ಕೆಳಗೆ ಬಂತು. 2020ರ ಏಪ್ರಿಲ್‌ನಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿರುಗಿಸಿತು. ಬೆರಕೆಯ ಸಮೇತ ಒಟ್ಟು ತೂಕವೇ ಲೆಕ್ಕ. ಬೀದಿಯಲ್ಲಿ ಯಾರೂ ಶುದ್ಧ ಹೆರಾಯಿನ್ ಮಾರುವುದಿಲ್ಲ, ಬೆರಕೆಯೇ ಜನರನ್ನು ಕೊಲ್ಲುವುದು, ಹಾಗಾಗಿ ಆ ತೀರ್ಪಿನ ತರ್ಕ ನನಗೆ ಒಪ್ಪಿಗೆ. ಆದರೆ ಅದರಿಂದ ಒಂದು ನಷ್ಟವೂ ಆಯಿತು. ಎಷ್ಟಿದೆ, ಜತೆಗೆ ಏನಿದೆ ಅನ್ನುವುದು ಶಿಕ್ಷೆಗೆ ಬೇಡವಾದ ಮೇಲೆ ಅದನ್ನು ಬರೆಯುವ ಕಾರಣವೂ ಹೋಯಿತು. ಎಂಡಿಎಂಎ ಇದೆಯೇ? ಇದೆ. ಹತ್ತು ಗ್ರಾಂ ಮೇಲಿದೆಯೇ? ಇದೆ. ಕನಿಷ್ಠ ಹತ್ತು ವರ್ಷ ಶಿಕ್ಷೆ. ಕಡತ ಮುಚ್ಚಿತು.

ಬೆರಕೆಯ ಹೆಸರು ಯಂತ್ರದ ಚಾರ್ಟಿನಲ್ಲೇ ಇರುತ್ತದೆ. ಎಂಡಿಎಂಎ ಶಿಖರದ ಆಚೆ ಈಚೆ ಕೆಫೀನ್, ಪ್ಯಾರಾಸಿಟಮಾಲ್, ಹೆಸರಿಲ್ಲದ ಇನ್ನೊಂದು, ಎಲ್ಲವೂ ಸಾಲಾಗಿ ನಿಂತಿರುತ್ತವೆ. ನಾನೂ ಅವನ್ನು ನೋಡಿದ್ದೇನೆ, ಬರೆದಿಲ್ಲ. ಬರೆಯಬೇಕಿತ್ತು ಅಂತ ಈಗ ಅನ್ನಿಸುತ್ತದೆ. ಕುರಿ ಮೇಕೆಗಳಿಗೆ ಜಂತುಹುಳಕ್ಕೆ ಕೊಡುವ ಲೆವಮಿಸೋಲ್ ನಮ್ಮ ರೈತರಿಗೆ ಗೊತ್ತಿರುವ ಔಷಧ. 2009ರ ಹೊತ್ತಿಗೆ ಅಮೆರಿಕದಲ್ಲಿ ವಶಪಡಿಸಿಕೊಂಡ ಕೊಕೇನ್ ಮಾದರಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಅದು ಬೆರೆತಿತ್ತು. ಮನುಷ್ಯರ ಬಿಳಿ ರಕ್ತಕಣಗಳನ್ನು ಅದು ಇದ್ದಕ್ಕಿದ್ದಂತೆ ತಗ್ಗಿಸಿಬಿಡಬಲ್ಲದು. ಕಾರಣ ತಿಳಿಯದ ಜ್ವರ, ಗಂಟಲು ಹುಣ್ಣು ಅಂತ ಬಂದವರಿಗೆ ಏನಾಗಿದೆ ಅನ್ನುವುದು ವೈದ್ಯರಿಗೆ ಹೊಳೆದದ್ದು ಈ ಬೆರಕೆಯ ಸುದ್ದಿ ಆಸ್ಪತ್ರೆಗೆ ತಲುಪಿದ ಮೇಲೆ.

ನೆದರ್ಲೆಂಡ್ಸ್ 1992ರಿಂದ ಬೀದಿಯ ಮಾತ್ರೆಗಳನ್ನು ಆರೋಗ್ಯದ ದೃಷ್ಟಿಯಿಂದ ಪರೀಕ್ಷೆ ಮಾಡುತ್ತಿದೆ. 2014ರ ಡಿಸೆಂಬರ್‌ನಲ್ಲಿ ಸೂಪರ್‌ಮ್ಯಾನ್ ಚಿಹ್ನೆಯ ಗುಲಾಬಿ ಮಾತ್ರೆಯೊಂದು ಅವರ ಕೈಗೆ ಬಂತು. ಎಂಡಿಎಂಎ ಅಂತ ಮಾರುತ್ತಿದ್ದ ಅದರಲ್ಲಿ ಇದ್ದದ್ದು ಪಿಎಂಎಂಎ, ಅದೂ ಭಾರಿ ಪ್ರಮಾಣದಲ್ಲಿ. ಅವರು ದೇಶಕ್ಕೆಲ್ಲ ಎಚ್ಚರಿಕೆ ಕೊಟ್ಟರು. ಅದೇ ಚಿಹ್ನೆಯ ಮಾತ್ರೆ ಬ್ರಿಟನ್‌ಗೂ ಹೋಗಿತ್ತು, ಅಲ್ಲಿ ಹೊಸ ವರ್ಷದ ಆಸುಪಾಸಿನಲ್ಲಿ ನಾಲ್ವರು ಸತ್ತರು.

ನೆದರ್ಲೆಂಡ್ಸಿನ ಪದ್ಧತಿಯನ್ನೇ ಇಲ್ಲಿ ತನ್ನಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಕಾನೂನು ಬೇರೆ, ಯಾರೂ ಮಾತ್ರೆ ತಂದು ಪರೀಕ್ಷೆ ಮಾಡಿಕೊಡಿ ಅಂತ ನಮ್ಮ ಬಾಗಿಲಿಗೆ ಬರಲಾರರು. ಆದರೆ ವಶಪಡಿಸಿಕೊಂಡ ಮಾಲು ಹೇಗೂ ನಮ್ಮ ಪ್ರಯೋಗಾಲಯಗಳಿಗೆ ಬರುತ್ತದೆ, ಯಂತ್ರಕ್ಕೂ ಹೋಗುತ್ತದೆ. ಪ್ರಯೋಗಾಲಯಗಳ ನಿರ್ದೇಶಕರಲ್ಲಿ, ಗೃಹ ಮತ್ತು ಆರೋಗ್ಯ ಇಲಾಖೆಯವರಲ್ಲಿ ನನ್ನ ವಿನಂತಿ ಇದು. ಕೋರ್ಟಿಗೆ ಹೋಗುವ ವರದಿ ಈಗಿರುವಂತೆಯೇ ಇರಲಿ. ಅದರ ಜತೆಗೆ ಆರೋಪಿಯ ಹೆಸರಿಲ್ಲದ, ಠಾಣೆಯ ಹೆಸರಿಲ್ಲದ ಇನ್ನೊಂದು ಹಾಳೆ ತಯಾರಾಗಲಿ. ಮಾತ್ರೆಯ ಬಣ್ಣ, ಚಿಹ್ನೆ, ಒಳಗೆ ಕಂಡ ವಸ್ತುಗಳ ಹೆಸರು, ಅಷ್ಟೇ ಸಾಕು. ಆ ಹಾಳೆ ವಾರಕ್ಕೊಮ್ಮೆ ನಿಮ್ಹಾನ್ಸ್‌ಗೆ, ವಿಕ್ಟೋರಿಯಾ ಆಸ್ಪತ್ರೆಗೆ, ಪ್ರತಿ ಜಿಲ್ಲಾಸ್ಪತ್ರೆಯ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಲಿ. ಆಸ್ಪತ್ರೆಯಲ್ಲಿ ಯಾರಾದರೂ ಮಲಗಿರುವ ಪ್ರಕರಣದ ಪೊಟ್ಟಣ ಸರದಿ ಮೀರಿ ಮೊದಲು ಯಂತ್ರಕ್ಕೆ ಹೋಗಲಿ. ಒಂದು ಮಾದರಿಗೆ ಯಂತ್ರ ತೆಗೆದುಕೊಳ್ಳುವುದು ಒಂದು ಗಂಟೆಗಿಂತ ಕಡಿಮೆ ಸಮಯ.